ಪೂರ್ವಜ್ಞಾನದ ಅಂಕಣದಲ್ಲಿ ‘ಇದು’, ‘ಅದು’ ಯಾಕಿಲ್ಲ?

ನಾವೆಲ್ಲರೂ ಬರೆಯುವ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವಿದೆ. ಅತಿ ಬೇಗ ತುಂಬಿ ಮುಗಿಸುವ ಅಂಕಣವೂ ಅದೇ. ಇಂಗ್ಲಿಷ್‌ನಲ್ಲಿ ‘ದಿಸ್, ದ್ಯಾಟ್, ದೀಸ್, ದೋಸ್’ ಪಾಠ ಬಂತೆಂದರೆ ಅಲ್ಲಿ “ಮಕ್ಕಳಿಗೆ ತರಗತಿಯ ವಸ್ತುಗಳ ಇಂಗ್ಲಿಷ್ ಹೆಸರು ಗೊತ್ತಿದೆ” ಎಂದು ಒಂದು ಸಾಲು ಬರೆದು ಮುಂದಿನ ಹಂತಕ್ಕೆ ಹೋಗುತ್ತೇವೆ. ಬೋಧನೋಪಕರಣಗಳು ಪೆನ್ನು, ಪುಸ್ತಕ, ಡಸ್ಟರ್, ಗೋಡೆಯ ಮೇಲಿನ ನಕಾಶೆ. ಕೈಯಲ್ಲಿ ಹಿಡಿದ ಪೆನ್ನು ತೋರಿಸಿ ‘ದಿಸ್ ಈಸ್ ಎ ಪೆನ್’, ನಕಾಶೆಯತ್ತ ಬೆರಳು ಚಾಚಿ ‘ದ್ಯಾಟ್ ಈಸ್ ಎ ಮ್ಯಾಪ್’. ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರು ‘ಗುರಿ ಸಾಧನೆಯಾಗಿದೆ’ ಎಂದು ಬರೆದುಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಇಷ್ಟು: ಈ ಪಾಠ ಸುಲಭವಾಗಿ ಯಶಸ್ವಿಯಾಗುವುದು ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನು ನಾವು ಕಲಿಸುತ್ತಿರುವುದರಿಂದ. ಹತ್ತಿರದ್ದಕ್ಕೆ ಒಂದು ಪದ, ದೂರದ್ದಕ್ಕೆ ಇನ್ನೊಂದು ಪದ ಎಂಬುದು ಯಾವ ಮಗುವಿಗೂ ಹೊಸತಲ್ಲ. ಅದಕ್ಕೆ ಹೊಸತಾಗಿರುವ ಸಂಗತಿಗಳು ಬೇರೆ ಇವೆ. ಅವು ನಮ್ಮ ಪಾಠದಲ್ಲಿ ಬರುವುದೇ ಇಲ್ಲ.

ನನ್ನ ಬೋಧನಾ ವಿಷಯಗಳು ವಿಜ್ಞಾನ ಮತ್ತು ಗಣಿತ. ಇಂಗ್ಲಿಷ್ ಬೋಧನೆಯ ಬಗ್ಗೆ ಬರೆಯಲು ಎರಡು ಕಾರಣಗಳಿವೆ. ಬೋಧನಾಭ್ಯಾಸಕ್ಕಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಶಾಲೆಗಳಿಗೆ ಹೋದಾಗ ಗೆಳೆಯರ ಇಂಗ್ಲಿಷ್ ಪಾಠಗಳನ್ನು ವೀಕ್ಷಿಸುವ ಅವಕಾಶ ಸಿಕ್ಕಿತು. ಇನ್ನೊಂದು, ನಾನು ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಭಾಗದ ಬಹುಪಾಲು ಮಕ್ಕಳ ದಾರಿಯೂ ಅದೇ. ಆಮೇಲೆ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಪುಸ್ತಕವೆಲ್ಲ ಇಂಗ್ಲಿಷ್. ಆ ಪುಸ್ತಕಗಳಲ್ಲಿ ಮಕ್ಕಳು ಸಿಕ್ಕಿಬೀಳುವುದು ‘ಫೋಟೊಸಿಂಥೆಸಿಸ್’ ಎಂಬ ದೊಡ್ಡ ಪದದಲ್ಲೆಂದು ನಾವು ತಿಳಿಯುತ್ತೇವೆ. ಆ ಪದಕ್ಕೆ ಅರ್ಥಸೂಚಿ ಇದೆ, ಕನ್ನಡದಲ್ಲಿ ಓದಿದ ‘ದ್ಯುತಿಸಂಶ್ಲೇಷಣೆ’ ಇದೆ. ‘ದಿಸ್’ ಎಂಬ ಚಿಕ್ಕ ಪದಕ್ಕೆ ಯಾವ ಅರ್ಥಸೂಚಿಯೂ ಇಲ್ಲ.

ಮಗು ಶಾಲೆಗೆ ತರುವ ಕೋಷ್ಟಕ

ಕನ್ನಡದ ಈ ಪದಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ. ಇದು, ಅದು, ಯಾವುದು. ಇಲ್ಲಿ, ಅಲ್ಲಿ, ಎಲ್ಲಿ. ಇಷ್ಟು, ಅಷ್ಟು, ಎಷ್ಟು. ಇಂಥ, ಅಂಥ, ಎಂಥ. ಹೀಗೆ, ಹಾಗೆ, ಹೇಗೆ. ಈಗ, ಆಗ, ಯಾವಾಗ. ಇದೊಂದು ಕೋಷ್ಟಕ. ಅಡ್ಡಸಾಲಿನಲ್ಲಿ ವಸ್ತು, ಜಾಗ, ಅಳತೆ, ಬಗೆ, ರೀತಿ, ಸಮಯ. ಕಂಬಸಾಲಿನಲ್ಲಿ ಹತ್ತಿರ, ದೂರ, ಪ್ರಶ್ನೆ. ಇಂಗ್ಲಿಷ್‌ನಲ್ಲಿ ಇಂಥ ಕೋಷ್ಟಕದ ತುಣುಕುಗಳು ಮಾತ್ರ ಬಳಕೆಯಲ್ಲಿವೆ: ಹಿಯರ್, ದೇರ್, ವೇರ್ ಒಂದು ಸಾಲು, ಇನ್ನುಳಿದವು ಅಷ್ಟು ಒಪ್ಪವಾಗಿ ಕೂಡುವುದಿಲ್ಲ. ಒಂದನೇ ತರಗತಿಗೆ ಬರುವ ಮಗು ಈ ಇಡೀ ಕೋಷ್ಟಕವನ್ನು ಬಾಯಲ್ಲಿ ಹೊತ್ತು ತಂದಿರುತ್ತದೆ.

ಹಳಗನ್ನಡದಲ್ಲಿ ಇನ್ನೂ ಒಂದು ಕಂಬಸಾಲಿತ್ತು. ‘ಇ’ ಮತ್ತು ‘ಅ’ಗಳ ನಡುವೆ ‘ಉ’: ಉದು, ಉವಂ. ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಮಧ್ಯದ ನೆಲೆಗೆ ಅದು ಸಲ್ಲುತ್ತಿತ್ತು. ನಮ್ಮಲ್ಲಿ ಅದು ಬಿಟ್ಟುಹೋಯಿತು. ಶ್ರೀಲಂಕಾದ ಜಾಫ್ನಾ ತಮಿಳಿನಲ್ಲಿ ಅದರ ಜೋಡಿ ರೂಪ ಇಂದಿಗೂ ಉಳಿದಿದೆ. ಇಂಗ್ಲಿಷ್‌ನಲ್ಲೂ ಹಿಂದೆ ದಿಸ್, ದ್ಯಾಟ್ ಜೊತೆಗೆ ‘ಯಾನ್’ ಎಂಬ ಮೂರನೆಯ ಪದವಿತ್ತು, ಆಚೆ ಕಾಣುವ ದೂರದ್ದಕ್ಕೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದಿನ್ನೂ ಕೇಳಿಸುತ್ತದೆ. ಹೀಗೆ ಎರಡೂ ಭಾಷೆಗಳು ಮೂರರಿಂದ ಎರಡಕ್ಕೆ ಬಂದು ನಿಂತಿವೆ. ಹತ್ತಿರ–ದೂರದ ಮಟ್ಟಿಗೆ ಕನ್ನಡದ ಮಗುವಿಗೂ ಇಂಗ್ಲಿಷ್‌ಗೂ ನಡುವೆ ದಾಟಬೇಕಾದ ಹೊಳೆಯೇನಿಲ್ಲ. ಅದಕ್ಕಾಗಿ ನಲವತ್ತು ನಿಮಿಷ ಕಳೆಯುವ ಅಗತ್ಯವೂ ಇಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹಾಗಾಗಿ ಎಂಟನೇ ತರಗತಿಯಲ್ಲಿ ನಮ್ಮೆದುರು ಕುಳಿತ ಮಗು ಏಳು ವರ್ಷ ‘ದಿಸ್ ಈಸ್ ಎ ಪೆನ್’ ಕೇಳಿರುತ್ತದೆ. ಆದರೂ ಅದರ ನೋಟ್ಸಿನಲ್ಲಿ ‘ದಿಸ್ ಟ್ರೀಸ್’ ಎಂದಿರುತ್ತದೆ. ಏಳು ವರ್ಷ ಒಂದೇ ಪಾಠ ಕೇಳಿದ ಮಗು ಒಂದೇ ಕಡೆ ಎಡವುತ್ತದೆ ಎಂದರೆ ಅಲ್ಲಿ ಮಗುವಿನ ಬುದ್ಧಿಯನ್ನು ಸಂಶಯಿಸುವ ಮೊದಲು ಪಾಠವನ್ನು ಪರೀಕ್ಷಿಸಬೇಕು.

ದೂರ ಎಂದರೆ ಅಳತೆಪಟ್ಟಿಯ ದೂರವೇ?

‘ಹತ್ತಿರಕ್ಕೆ ದಿಸ್, ದೂರಕ್ಕೆ ದ್ಯಾಟ್’ ಎಂಬ ನಿಯಮವೂ ಅರ್ಧವಷ್ಟೇ ನಿಜ. ಬೆನ್ನು ತುರಿಸಿಕೊಳ್ಳುವಾಗ ನಾವು ಏನು ಹೇಳುತ್ತೇವೆ ಎಂದು ನೆನಪಿಸಿಕೊಳ್ಳಿ. ನಮ್ಮ ಬೆನ್ನಿಗಿಂತ ನಮಗೆ ಹತ್ತಿರದ್ದು ಬೇರೇನಿದೆ? ಆದರೂ ತುರಿಸುವವರಿಗೆ “ಅಲ್ಲೇ, ಅಲ್ಲೇ, ಸ್ವಲ್ಪ ಮೇಲೆ” ಎನ್ನುತ್ತೇವೆ. ಇಂಗ್ಲಿಷರೂ ಹಾಗೇ ‘ದ್ಯಾಟ್ಸ್ ಇಟ್’ ಎನ್ನುತ್ತಾರೆ. ಕೈ ಇನ್ನೊಬ್ಬರದ್ದು, ಆ ಹೊತ್ತಿಗೆ ಆ ಜಾಗ ಅವರ ವಶದಲ್ಲಿದೆ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಮುಖ್ಯವಾದದ್ದು ಮೀಟರಿನ ಲೆಕ್ಕವಲ್ಲ, ನಿರ್ದೇಶನ ಚೌಕಟ್ಟು: ಯಾರು ನಿಂತು ನೋಡುತ್ತಿದ್ದಾರೆ, ವಸ್ತು ಯಾರ ಕಡೆಗಿದೆ ಎಂಬುದು.

ಸಮಯವೂ ಹಾಗೆಯೇ. ತೊಡದೇವು ಬಾಯಲ್ಲಿರುವಾಗ ‘ದಿಸ್ ಈಸ್ ನೈಸ್’. ತಿಂದು ತಟ್ಟೆ ಕೆಳಗಿಟ್ಟ ಮೇಲೆ ‘ದ್ಯಾಟ್ ವಾಸ್ ನೈಸ್’. ತಟ್ಟೆ ಇದ್ದಲ್ಲೇ ಇದೆ, ಮುಗಿದದ್ದು ತಿನ್ನುವ ಕೆಲಸ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಓಡಾಡುತ್ತಿರುವಾಗ ಅದು ‘ಈ ಜಾತ್ರೆ’. ಪೇಟೆಯ ಅದೇ ಬೀದಿಯಲ್ಲಿ ನಿಂತು ಮರುವರ್ಷ ನೆನೆದಾಗ ‘ಆ ಜಾತ್ರೆ’. ಮಕ್ಕಳಿಗೆ ಇದು ಕನ್ನಡದಲ್ಲಿ ಗೊತ್ತು. ‘ದಿಸ್ ಇಯರ್’, ‘ದ್ಯಾಟ್ ಇಯರ್’, ‘ದೋಸ್ ಡೇಸ್’ ಎಂಬುವನ್ನು ಈ ಅರಿವಿನ ಮೇಲೆ ಕೂರಿಸಿದರೆ ಒಂದೇ ದಿನದ ಕೆಲಸ. ಗೋಡೆಯ ನಕಾಶೆಯನ್ನು ತೋರಿಸುತ್ತಾ ಇದಕ್ಕೆ ತಲುಪಲಾಗದು.

ಫೋನಿನ ಇಂಗ್ಲಿಷ್ ಇನ್ನೊಂದು ಉದಾಹರಣೆ. ನಾವು ಕನ್ನಡದಲ್ಲಿ “ನಾನು ಸವಿತಾ ಮಾತಾಡೋದು” ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ‘ದಿಸ್ ಈಸ್ ಸವಿತಾ’ ಎನ್ನಬೇಕು. ಆಚೆ ಇರುವವರನ್ನು ಕೇಳುವಾಗ ಇಂಗ್ಲೆಂಡಿನಲ್ಲಿ ‘ಈಸ್ ದ್ಯಾಟ್ ಸವಿತಾ?’ ಎನ್ನುವುದು ರೂಢಿ, ಅಮೆರಿಕದಲ್ಲಿ ‘ಈಸ್ ದಿಸ್ ಸವಿತಾ?’. ಒಂದೇ ಸನ್ನಿವೇಶ, ಒಂದೇ ದೂರ, ಎರಡು ಪದ. ಬೆರಳು ಚಾಚಿ ಕಲಿಸಿದ ನಿಯಮ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಿಜವಾಗಿ ಎಡವುವ ಜಾಗಗಳು

ನಾನು ಗಮನಿಸಿದ ಮಟ್ಟಿಗೆ ನಮ್ಮ ಮಕ್ಕಳು ಎಡವುವುದು ನಾಲ್ಕು ಜಾಗಗಳಲ್ಲಿ.

ಮೊದಲನೆಯದು ಬಹುವಚನ. ಕನ್ನಡದಲ್ಲಿ ‘ಇದು’ ಒಂದೇ ನಿಂತಾಗ ‘ಇವು’ ಎಂಬ ಬಹುವಚನವಿದೆ. ಆದರೆ ನಾಮಪದದ ಮುಂದೆ ಬಂದಾಗ ‘ಈ ಮರ’, ‘ಈ ಮರಗಳು’ ಎರಡಕ್ಕೂ ಒಂದೇ ‘ಈ’. ಅಷ್ಟೇ ಅಲ್ಲ, ಲೆಕ್ಕ ಹೇಳಿದ ಮೇಲೆ ‘ಗಳು’ ಕೂಡ ಬೇಕಾಗುವುದಿಲ್ಲ. ‘ಹತ್ತು ಅಡಿಕೆ ಮರ’, ‘ಐದು ತೆಂಗಿನಕಾಯಿ’. ಆದ್ದರಿಂದ ‘ದಿಸ್ ಟ್ರೀಸ್’ ಎಂದು ಬರೆದ ಮಗು ಅಜಾಗರೂಕತೆಯಿಂದ ಬರೆದದ್ದಲ್ಲ. ತನ್ನ ಭಾಷೆಯ ನಿಯಮವನ್ನು ತಪ್ಪದೆ ಪಾಲಿಸಿದೆ. ನಾವು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ದೀಸ್’ ಎಂದು ಬರೆದರೆ ಆ ಒಂದು ವಾಕ್ಯ ಸರಿಯಾಗುತ್ತದೆ, ನಿಯಮ ಹಾಗೇ ಉಳಿಯುತ್ತದೆ. ಹೇಳಬೇಕಾದದ್ದು ಇದು: “ಕನ್ನಡದ ‘ಈ’ ಬದಲಾಗುವುದಿಲ್ಲ, ಇಂಗ್ಲಿಷ್‌ನಲ್ಲಿ ಅದೂ ಬದಲಾಗುತ್ತದೆ.” ಶಾಲೆಯ ಜಗುಲಿಯಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳೇ ಇದಕ್ಕೆ ಸಾಕಷ್ಟು ಬೋಧನೋಪಕರಣ.

ಉಚ್ಚಾರಣೆಯಲ್ಲೂ ನಮಗೊಂದು ಅನುಕೂಲವಿದೆ. ‘ದಿಸ್’ ಹ್ರಸ್ವ, ‘ದೀಸ್’ ದೀರ್ಘ. ಬಲಿ–ಬಾಲಿ, ಕರೆ–ಕೆರೆ ಎಂದು ಸ್ವರಗಳನ್ನು ಬೇರ್ಪಡಿಸಿ ಕೇಳುವ ಕನ್ನಡದ ಕಿವಿಗೆ ಈ ಹ್ರಸ್ವ–ದೀರ್ಘ ಕಷ್ಟವಲ್ಲ. ‘ದೀಸ್’, ‘ದೋಸ್’ಗಳ ಕೊನೆಯಲ್ಲಿ ಮಾತ್ರ ‘ಸ್’ ಅಲ್ಲ, ಜೇನಿನ ಹುಳು ಗುಂಯ್‌ಗುಡುವಂಥ ‘ಝ್’ ಇದೆ. ಗಂಟಲಿನ ಮೇಲೆ ಬೆರಳಿಟ್ಟು ಕಂಪನ ಇದೆಯೋ ಇಲ್ಲವೋ ನೋಡಿ ಎಂದರೆ ಧ್ವನಿಯ ಪಾಠವೂ ಆಯಿತು.

ಎರಡನೆಯದು ‘ಇಟ್’. ಕನ್ನಡದ ‘ಅದು’ ಇಂಗ್ಲಿಷ್‌ನ ಎರಡು ಪದಗಳ ಕೆಲಸ ಮಾಡುತ್ತದೆ. “ಪೆನ್ನೆಲ್ಲಿ?” ಎಂದರೆ “ಅದು ಚೀಲದಲ್ಲಿದೆ.” ಇಲ್ಲಿ ನಾವು ಏನನ್ನೂ ತೋರಿಸುತ್ತಿಲ್ಲ, ಆಗಲೇ ಮಾತಿಗೆ ಬಂದ ಪೆನ್ನನ್ನು ಮತ್ತೆ ಹೆಸರಿಸದೆ ಹೇಳುತ್ತಿದ್ದೇವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಇಟ್’. ಮಗು ‘ದ್ಯಾಟ್ ಈಸ್ ಇನ್ ದಿ ಬ್ಯಾಗ್’ ಎನ್ನುತ್ತದೆ. ಇದನ್ನು ಬೆಳೆಸುವವರು ನಾವೇ. ‘ವಾಟ್ ಈಸ್ ದಿಸ್?’ ಎಂದು ಕೇಳಿ, ‘ದಿಸ್ ಈಸ್ ಎ ಪೆನ್’ ಎಂಬ ಪೂರ್ಣ ವಾಕ್ಯದ ಉತ್ತರವನ್ನು ತರಗತಿಯಿಂದ ಹೊರಡಿಸುತ್ತೇವೆ. ದಿನನಿತ್ಯದ ಇಂಗ್ಲಿಷ್‌ನಲ್ಲಿ ಉತ್ತರ ‘ಇಟ್ಸ್ ಎ ಪೆನ್’. ‘ಈಸ್ ದಿಸ್ ಯುವರ್ ಬುಕ್?’ ಎಂದರೆ ‘ಯೆಸ್, ಇಟ್ ಈಸ್’. ಒಮ್ಮೆ ಬೆರಳು ತೋರಿಸಿದ ಮೇಲೆ ಇಂಗ್ಲಿಷ್ ಬೆರಳನ್ನು ಮಡಚಿಕೊಳ್ಳುತ್ತದೆ. ಈ ಒಂದು ಸಂಗತಿ ತಿಳಿದರೆ ಮಕ್ಕಳ ಇಂಗ್ಲಿಷ್ ಕೇಳಲು ಎಷ್ಟೋ ಸಹಜವಾಗುತ್ತದೆ.

ಮೂರನೆಯದು ‘ಇವತ್ತು ಬೆಳಿಗ್ಗೆ’. ನಮ್ಮ ಶಿಕ್ಷಕರ ಕೊಠಡಿಯಲ್ಲೂ ಕೇಳಿಬರುವ ‘ಟುಡೇ ಮಾರ್ನಿಂಗ್’ ಅಲ್ಲಿಂದಲೇ ಬಂದದ್ದು. ಇಂಗ್ಲಿಷ್‌ನಲ್ಲಿ ‘ದಿಸ್ ಮಾರ್ನಿಂಗ್’, ‘ದಿಸ್ ಈವನಿಂಗ್’. ಗಮನಿಸಿದರೆ ನಮ್ಮ ‘ಇವತ್ತು’ ಎಂಬ ಪದದೊಳಗೇ ‘ಈ ಹೊತ್ತು’ ಅಡಗಿದೆ. ಮಗುವಿಗೆ ಅದನ್ನು ಬಿಡಿಸಿ ತೋರಿಸಿದರೆ ‘ದಿಸ್ ಮಾರ್ನಿಂಗ್’ ತನ್ನ ಭಾಷೆಯದೇ ಪದವೆನಿಸುತ್ತದೆ.

ನಾಲ್ಕನೆಯದು ಮನುಷ್ಯರ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಅಪ್ಪನಿಗೆ ‘ಇದು’ ಎನ್ನಬಹುದೇ?

ಸಿದ್ದಾಪುರ ತಾಲೂಕಿನ ಒಂದು ಶಾಲೆಯಲ್ಲಿ ಗೆಳೆಯರೊಬ್ಬರು ಪರಿಚಯದ ಪಾಠ ಮಾಡುತ್ತಿದ್ದರು. ‘ದಿಸ್ ಈಸ್ ಮೈ ಫಾದರ್’ ಎಂದು ಹೇಳಿಸುವಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ‘ಹೀ ಈಸ್ ಮೈ ಫಾದರ್’ ಎನ್ನುತ್ತಿದ್ದಳು. ಎರಡು ಸಲ ತಿದ್ದಿದ ಮೇಲೆ ಎದ್ದು ನಿಂತು ಕೇಳಿದಳು: “ದಿಸ್ ಅಂದ್ರೆ ‘ಇದು’ ಅಲ್ವಾ? ಅಪ್ಪನಿಗೆ ‘ಇದು’ ಅನ್ನಬಹುದಾ?” ತರಗತಿ ನಕ್ಕಿತು. ನನಗೆ ಅದು ಆ ದಿನ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಎನಿಸಿತು.

ಕನ್ನಡದಲ್ಲಿ ‘ಅವನು, ಅವಳು, ಅವರು, ಅದು’ ಎಲ್ಲವೂ ‘ಅ’ದಿಂದಲೇ ಹುಟ್ಟಿದವು. ಬೇರೆ ‘ಹೀ’, ‘ಶೀ’ ನಮ್ಮಲ್ಲಿಲ್ಲ; ತೋರಿಸುವ ಪದವೇ ಸರ್ವನಾಮ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾದ ಸರ್ವನಾಮಗಳ ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಜಗತ್ತಿನ ಭಾಷೆಗಳನ್ನು ಈ ದೃಷ್ಟಿಯಿಂದಲೇ ಎರಡು ಬಗೆಯಾಗಿ ವಿಂಗಡಿಸಿದ್ದಾರೆ: ಪ್ರಥಮ ಪುರುಷದ ಸರ್ವನಾಮಕ್ಕೂ ತೋರಿಸುವ ಪದಕ್ಕೂ ನಂಟಿರುವವು, ನಂಟಿಲ್ಲದವು. ಕನ್ನಡದಲ್ಲಿ ಆ ನಂಟು ಎದ್ದು ಕಾಣುತ್ತದೆ. ಅದರ ಮೇಲೆ ಗೌರವದ ಮೆಟ್ಟಿಲುಗಳೂ ಇವೆ. ಹಿರಿಯರಿಗೆ ‘ಇವರು’, ‘ಇದು’ ವಸ್ತುವಿಗೆ, ಪ್ರಾಣಿಗೆ, ಎಳೆಯ ಮಗುವಿಗೆ. ಆ ಹುಡುಗಿಯ ತಕರಾರು ಸಂಪೂರ್ಣ ನ್ಯಾಯವಾದದ್ದು.

ಇದಕ್ಕೆ ಉತ್ತರವೂ ಕನ್ನಡದಲ್ಲೇ ಇದೆ. ಮನೆಯ ಮದುವೆ ಆಲ್ಬಮ್ ತೆರೆದು ತೋರಿಸುವಾಗ ನಾವು ಹೇಗೆ ಹೇಳುತ್ತೇವೆ? “ಇದು ನಮ್ಮ ಅಜ್ಜ, ಇದು ದೊಡ್ಡಪ್ಪ, ಇದು ಅತ್ತೆ.” ಯಾರೂ ಬೇಸರಿಸುವುದಿಲ್ಲ, ಯಾಕೆಂದರೆ ಅಲ್ಲಿ ನಾವು ಗುರುತು ಹೇಳುತ್ತಿದ್ದೇವೆ. ಗುರುತು ಹೇಳಿ ಮುಗಿದ ಮೇಲೆ “ಅವರು ಮೇಷ್ಟ್ರಾಗಿದ್ದರು” ಎಂದು ಗೌರವಕ್ಕೆ ಮರಳುತ್ತೇವೆ. ಇಂಗ್ಲಿಷ್‌ನ ‘ದಿಸ್ ಈಸ್ ಮೈ ಫಾದರ್’ ಈ ಆಲ್ಬಮ್‌ನ ‘ಇದು’. ಮುಂದಿನ ವಾಕ್ಯಕ್ಕೆ ‘ಹೀ’. ಗುರುತಿಸುವ ಆ ಒಂದು ಕೆಲಸ ಬಿಟ್ಟರೆ ಮನುಷ್ಯರಿಗೆ ಒಂಟಿ ‘ದಿಸ್’, ‘ದ್ಯಾಟ್’ ಸಲ್ಲದು. ಬಾಗಿಲಲ್ಲಿ ನಿಂತವರನ್ನು ಕಂಡು ‘ಹೂ ಈಸ್ ದ್ಯಾಟ್?’ ಎನ್ನಬಹುದು, ‘ದ್ಯಾಟ್ ಈಸ್ ಕಮಿಂಗ್’ ಎಂದರೆ ಅವಮಾನ. ಗುಂಪಿನ ಚಿತ್ರವೊಂದನ್ನು ತರಗತಿಗೆ ತಂದರೆ ಇಡೀ ವಿಷಯ ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ.

ನಮ್ಮ ಮೂರು ತಾಲೂಕುಗಳಲ್ಲಿ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿ ಪ್ರತಿ ಮಗುವಿನ ‘ಇದು–ಅದು’ ಒಂದೇ ಅಲ್ಲ. ಹವ್ಯಕ ಮನೆಯ ಮಗು “ಅಪ್ಪಯ್ಯ ಬಂದ, ಆಯಿ ಬಂತು” ಎನ್ನುತ್ತದೆ. ಆ ಕನ್ನಡದಲ್ಲಿ ಹೆಂಗಸರಿಗೆ ‘ಅದು’ ಎನ್ನುವುದು ವ್ಯಾಕರಣದ ಕ್ರಮ, ಅದರಲ್ಲಿ ಅಗೌರವದ ಸೋಂಕಿಲ್ಲ. ಶಂಕರ ಭಟ್ಟರು 1971ರಲ್ಲೇ ಹವ್ಯಕ ಕನ್ನಡದ ವ್ಯಾಕರಣವನ್ನು ಬರೆದು ಪ್ರಕಟಿಸಿದ್ದರು. ಕೊಂಕಣಿಯ ಹಲವು ಬಗೆಗಳಲ್ಲಿ ಚಿಕ್ಕ ಹುಡುಗಿಯ ಮಾತು ಬಂದಾಗ ನಪುಂಸಕ ರೂಪ ಬಳಸುವುದುಂಟು. ಉರ್ದು ಮನೆಮಾತಿನ ಮಗುವಿಗೆ ‘ವೋ’ ಎಂಬ ಒಂದೇ ಪದ ಅವನು, ಅವಳು, ಅದು ಮೂರೂ ಆಗುತ್ತದೆ. ‘ಯೇ ಕಿತಾಬ್’, ‘ಯೇ ಕಿತಾಬೇಂ’ ಎರಡಕ್ಕೂ ಅದೇ ‘ಯೇ’, ನಮ್ಮ ‘ಈ’ ಇದ್ದ ಹಾಗೆ.

ಆದರೆ ಯಲ್ಲಾಪುರದ ಕಾಡಂಚಿನ ಶಾಲೆಗಳ ಗೌಳಿ ಮಕ್ಕಳ ಮನೆಮಾತು ಮರಾಠಿಯ ಒಂದು ಬಗೆ, ಸಿದ್ದಿ ಮಕ್ಕಳದು ಕೊಂಕಣಿಯ ಒಂದು ಬಗೆ. ಮರಾಠಿಯಲ್ಲಿ ‘ಈ ಮರ’ ಎಂದರೆ ‘ಹೇ ಝಾಡ’, ‘ಈ ಮರಗಳು’ ಎಂದರೆ ‘ಹೀ ಝಾಡೇ’. ನಾಮಪದ ಬಹುವಚನವಾದರೆ ಅದರ ಮುಂದಿನ ಪದವೂ ಬದಲಾಗುತ್ತದೆ. ಕೊಂಕಣಿಯಲ್ಲೂ ಇದೇ ಕ್ರಮ. ಅಂದರೆ ‘ದಿಸ್ ಟ್ರೀ’, ‘ದೀಸ್ ಟ್ರೀಸ್’ ಎಂಬ ಬದಲಾವಣೆಗೆ ತಕ್ಕ ಪೂರ್ವಜ್ಞಾನ ತರಗತಿಯಲ್ಲಿ ಯಾರಲ್ಲಾದರೂ ಇದ್ದರೆ ಅದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತ ಗೌಳಿ ಹುಡುಗನಲ್ಲಿ, ಸಿದ್ದಿ ಹುಡುಗಿಯಲ್ಲಿ. ‘ಇವರಿಗೆ ಕನ್ನಡವೇ ಸರಿಯಾಗಿ ಬರುವುದಿಲ್ಲ, ಇಂಗ್ಲಿಷ್ ಹೇಗೆ ಬಂದೀತು’ ಎಂಬ ಮಾತನ್ನು ನಾವೆಲ್ಲ ಎಲ್ಲೋ ಒಂದು ಕಡೆ ಕೇಳಿದ್ದೇವೆ. ಈ ಒಂದು ವಿಷಯದಲ್ಲಾದರೂ ಆ ಮಕ್ಕಳು ತರಗತಿಗೆ ಕಲಿಸಬಲ್ಲರು. ಅವರನ್ನು ಕೇಳುವವರು ಬೇಕು.

ಕೊಡದೆ ಬಿಟ್ಟ ಮಾತುಗಳು

ದಿನದ ಇಂಗ್ಲಿಷ್ ಮಾತುಕತೆಯಲ್ಲಿ ‘ದ್ಯಾಟ್’ ಹೆಚ್ಚಾಗಿ ಬರುವುದು ವಸ್ತು ತೋರಿಸಲಿಕ್ಕಲ್ಲ, ಈಗಷ್ಟೇ ಆಡಿದ ಮಾತನ್ನು ತೋರಿಸಲಿಕ್ಕೆ. ‘ದ್ಯಾಟ್ಸ್ ರೈಟ್’, ‘ದ್ಯಾಟ್ಸ್ ವೈ’, ‘ದ್ಯಾಟ್ಸ್ ಆಲ್’, ‘ದ್ಯಾಟ್ಸ್ ಫೈನ್’. ಇವಕ್ಕೆ ಕನ್ನಡದಲ್ಲಿ ಸಿದ್ಧ ಜೋಡಿಗಳಿವೆ: ಅದು ಸರಿ, ಅದಕ್ಕೇ, ಅಷ್ಟೇ, ಅಡ್ಡಿಲ್ಲ. ಇನ್ನೊಬ್ಬರು ಹೇಳಿದ್ದಕ್ಕೆ ಪ್ರತಿಕ್ರಿಯೆ ಕೊಡುವಾಗ ‘ಅದು’, ತಾನು ಹೇಳಲಿರುವುದಕ್ಕೆ ‘ಇದು ಕೇಳು’. ಇಂಗ್ಲಿಷ್‌ನಲ್ಲೂ ‘ದ್ಯಾಟ್ಸ್ ಟ್ರೂ’, ‘ಲಿಸನ್ ಟು ದಿಸ್’. ಎರಡು ಭಾಷೆಗಳ ದಾರಿ ಇಲ್ಲಿ ಒಂದೇ.

ಹೀಗಿರುವಾಗ ಐದನೇ ತರಗತಿಯ ಮಗು ‘ದ್ಯಾಟ್ಸ್ ವೈ ಐ ವಾಸ್ ಲೇಟ್’ ಎನ್ನಬಾರದೇಕೆ? ಅದಕ್ಕೆ ಬೇಕಾದ ಅರ್ಥ, ಬಳಕೆ, ಸಂದರ್ಭ ಎಲ್ಲ ಅದರ ಬಳಿ ಇವೆ. ಇಲ್ಲದ್ದು ಮೂರು ಇಂಗ್ಲಿಷ್ ಪದಗಳ ಜೋಡಣೆ ಮಾತ್ರ. ನಾವು ಕೊಟ್ಟಿಲ್ಲ, ಯಾಕೆಂದರೆ ಪಾಠಯೋಜನೆಯ ಪ್ರಕಾರ ಇನ್ನೂ ಡಸ್ಟರ್ ತೋರಿಸುವುದು ಮುಗಿದಿಲ್ಲ. ಇಂಗ್ಲಿಷ್ ಮಾತನಾಡಲು ಅಂಜುವ ಮಕ್ಕಳಿಗೆ ಪೂರ್ಣ ವಾಕ್ಯಕ್ಕಿಂತ ಇಂಥ ಚಿಕ್ಕ ಉತ್ತರಗಳೇ ಧೈರ್ಯ ಕೊಡುತ್ತವೆ. ಮಾತುಕತೆಯಲ್ಲಿ ತಾನೂ ಒಬ್ಬ ಎನಿಸಲು ‘ದ್ಯಾಟ್ಸ್ ರೈಟ್’ ಸಾಕು.

ಇನ್ನೊಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳಬೇಕು. ‘ಐ ನೋ ದಟ್ ಹೀ ಕೇಮ್’ ಎಂಬಲ್ಲಿರುವುದು ತೋರಿಸುವ ‘ದ್ಯಾಟ್’ ಅಲ್ಲ. ಅದು ನಮ್ಮ ‘ಎಂದು’, ‘ಅಂತ’. ಬರೆಯುವಾಗ ಒಂದೇ ಕಾಗುಣಿತ, ಆಡುವಾಗ ಸ್ವರ ಮೆತ್ತಗಾಗಿ ಹಾದುಹೋಗುತ್ತದೆ. ಇದನ್ನು ಹೇಳದಿದ್ದರೆ ಮಗು ಆ ವಾಕ್ಯದಲ್ಲಿ ‘ಅದು’ ಎಲ್ಲಿದೆ ಎಂದು ಹುಡುಕುತ್ತದೆ.

ವಿಜ್ಞಾನದ ಪುಟದಲ್ಲಿ ‘ದಿಸ್’

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಹಲಗೆಯ ಮೇಲೆ ಎರಡು ಸರಳ ಇಂಗ್ಲಿಷ್ ವಾಕ್ಯ ಬರೆದೆ. ‘ವಾಟರ್ ಎವಾಪೊರೇಟ್ಸ್ ಫ್ರಮ್ ದಿ ಲೀವ್ಸ್. ದಿಸ್ ಕೂಲ್ಸ್ ದಿ ಪ್ಲಾಂಟ್.’ ಎಲ್ಲ ಪದಗಳ ಅರ್ಥವನ್ನೂ ಹೇಳಿಕೊಟ್ಟೆ. ಆಮೇಲೆ ‘ದಿಸ್’ ಎಂದರೆ ಇಲ್ಲಿ ಯಾವುದು ಎಂದು ಕೇಳಿದೆ. ಕೆಲವರು ‘ವಾಟರ್’ ಎಂದರು, ಕೆಲವರು ‘ಲೀವ್ಸ್’ ಎಂದರು. ಅವರು ನಮ್ಮ ಬೆರಳಿನ ಪಾಠವನ್ನು ಚೆನ್ನಾಗಿ ಕಲಿತಿದ್ದರು. ‘ದಿಸ್’ ಎಂದರೆ ಒಂದು ವಸ್ತು ಇರಲೇಬೇಕು, ಅದು ಹತ್ತಿರದಲ್ಲೇ ಇರಬೇಕು. ಆದರೆ ಆ ‘ದಿಸ್’ ತೋರಿಸುವುದು ವಸ್ತುವನ್ನಲ್ಲ, ಇಡೀ ಘಟನೆಯನ್ನು: ಎಲೆಗಳಿಂದ ನೀರು ಆವಿಯಾಗುವುದನ್ನು.

ಕನ್ನಡ ಪುಸ್ತಕದಲ್ಲಿ ಇದೇ ವಿಷಯ “ಎಲೆಗಳಿಂದ ನೀರು ಆವಿಯಾಗುತ್ತದೆ. ಇದರಿಂದ ಗಿಡ ತಂಪಾಗಿರುತ್ತದೆ” ಎಂದಿರುತ್ತದೆ. ‘ಇದರಿಂದ’ ಎಂಬುದರಲ್ಲಿ ವಿಭಕ್ತಿ ಪ್ರತ್ಯಯವೇ ಕಾರಣ ಸಂಬಂಧವನ್ನು ಹೇಳಿಬಿಡುತ್ತದೆ. ಇಂಗ್ಲಿಷ್‌ನ ಒಂಟಿ ‘ದಿಸ್’ ಏನನ್ನೂ ಹೇಳುವುದಿಲ್ಲ, ಓದುವವರೇ ಹಿಂದಿನ ವಾಕ್ಯಕ್ಕೆ ಹೋಗಿ ಹುಡುಕಿಕೊಂಡು ಬರಬೇಕು. ವಿಜ್ಞಾನದಲ್ಲಿ ಕಾರಣ ಮತ್ತು ಪರಿಣಾಮದ ಕೊಂಡಿ ಇರುವುದೇ ಅಲ್ಲಿ. ಆ ಕೊಂಡಿ ಕಳಚಿದರೆ ಮಗುವಿಗೆ ಪದ ಗೊತ್ತು, ವಿಷಯ ಗೊತ್ತಿಲ್ಲ ಎಂಬ ಸ್ಥಿತಿ. ಅಲ್ಲಿಂದ ಬಾಯಿಪಾಠ ಶುರು. ಪಿಯುಸಿಯಲ್ಲಿ ಕನ್ನಡ ಮಾಧ್ಯಮದ ಜಾಣ ಮಕ್ಕಳು ‘ವಿಜ್ಞಾನ ನಮಗಲ್ಲ’ ಎಂದು ಕೈಚೆಲ್ಲುವುದಕ್ಕೆ ಇಂಥ ಕಳಚಿದ ಕೊಂಡಿಗಳೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಪರಿಹಾರ ಕಷ್ಟದ್ದಲ್ಲ. ‘ದಿಸ್’ ಕಂಡಲ್ಲೆಲ್ಲ ಅದರ ಮುಂದೆ ಒಂದು ನಾಮಪದ ಹಚ್ಚಿ ಓದಲು ಹೇಳುವುದು: ‘ದಿಸ್ ಪ್ರೊಸೆಸ್’, ‘ದಿಸ್ ಚೇಂಜ್’. ‘ದೀಸ್’ ಕಂಡರೆ ಎಷ್ಟು, ಯಾವುವು ಎಂದು ಎಣಿಸಿ ಅಡಿಗೆರೆ ಹಾಕಿಸುವುದು. ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಎರಡನ್ನೂ ಹೇಳಿದ ಮೇಲೆ ‘ದೀಸ್ ಗ್ಯಾಸಸ್’ ಎಂದು ಬಂದರೆ ಎರಡು ಗೆರೆ ಬೀಳಬೇಕು. ಇದಕ್ಕೆ ಇಂಗ್ಲಿಷ್ ಶಿಕ್ಷಕರನ್ನು ಕಾಯಬೇಕಿಲ್ಲ, ವಿಜ್ಞಾನ ಶಿಕ್ಷಕರೇ ಮಾಡಬೇಕು.

ಬರುವ ಆಕ್ಷೇಪಗಳು

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ತಂದರೆ ಮಕ್ಕಳು ಇಂಗ್ಲಿಷ್ ಕಲಿಯುವುದು ಯಾವಾಗ ಎಂದು ಹಿರಿಯರು ಕೇಳಬಹುದು. ಇಂಗ್ಲಿಷ್ ಹೆಚ್ಚು ಕಿವಿಗೆ ಬೀಳಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಅನುವಾದದ ಪಾಠವನ್ನಲ್ಲ. ಮೊದಲ ಹತ್ತು ನಿಮಿಷ ಮಕ್ಕಳ ಬಾಯಿಂದಲೇ ಅವರ ಕೋಷ್ಟಕವನ್ನು ಹಲಗೆಗೆ ತಂದು, ಎಲ್ಲಿ ದಾರಿ ಒಂದೇ, ಎಲ್ಲಿ ಬೇರೆ ಎಂದು ಗುರುತಿಸಿದರೆ ಉಳಿದ ಮೂವತ್ತು ನಿಮಿಷದ ಇಂಗ್ಲಿಷ್ ವ್ಯರ್ಥವಾಗುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದೇ ಕರೆದಿದೆ. ನಾವು ಅದನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತೇವೆ, ತರಗತಿಗೆ ಹೋಗುವಾಗ ಮರೆಯುತ್ತೇವೆ.

ಕೊಂಕಣಿ, ಮರಾಠಿ, ಉರ್ದು ನಮಗೇ ಬಾರದಿದ್ದರೆ ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಬರಬೇಕಾಗಿಲ್ಲ. “ನಿಮ್ಮ ಮನೇಲಿ ‘ಈ ಮರ’, ‘ಈ ಮರಗಳು’ ಹೇಗೆ ಹೇಳ್ತೀರಿ?” ಎಂದು ಕೇಳಿದರೆ ಮಗುವೇ ಹೇಳುತ್ತದೆ. ತರಗತಿಯಲ್ಲಿ ಯಾರೂ ನಗದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಮುಂದಿನ ತಂಡದ ಮಿತ್ರರಲ್ಲಿ ನನ್ನದೊಂದು ವಿನಂತಿ. ಈ ಪಾಠ ನಿಮ್ಮ ಪಾಲಿಗೆ ಬಂದಾಗ ಪೂರ್ವಜ್ಞಾನದ ಅಂಕಣದಲ್ಲಿ “ಮಕ್ಕಳಿಗೆ ಹತ್ತಿರ–ದೂರದ ಭೇದ ತಮ್ಮ ಭಾಷೆಯಲ್ಲಿ ಗೊತ್ತಿದೆ” ಎಂದು ಬರೆಯಿರಿ. ಅದರ ಕೆಳಗೆ ನಿಮ್ಮ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ, ಅವುಗಳಲ್ಲಿ ‘ಈ ಮರ’, ‘ಈ ಮರಗಳು’, ‘ಇವರು ನನ್ನ ತಂದೆ’ ಹೇಗೆ ಬರುತ್ತವೆ ಎಂದು ಮಕ್ಕಳನ್ನೇ ಕೇಳಿ ದಾಖಲಿಸಿ. ಮೂರು ತಾಲೂಕುಗಳ ಅಂಥ ದಾಖಲೆಗಳು ಒಂದು ವರ್ಷ ಸಂಗ್ರಹವಾದರೆ ನಮ್ಮ ಭಾಗಕ್ಕೆ ತಕ್ಕ ಪಾಠಯೋಜನೆಯೊಂದನ್ನು ನಾವೇ ಸಿದ್ಧಪಡಿಸಬಹುದು. ಅದರ ಮೊದಲ ಪುಟಕ್ಕೆ ನನ್ನ ಒಂಬತ್ತನೇ ತರಗತಿಯವರ ಪಟ್ಟಿಯನ್ನು ಕೊಡಲು ನಾನು ಸಿದ್ಧ.